ಮರಿಗೆ ಇನ್ನೂ ಭಯ ಹೋಗಿಲ್ಲ

ಇಪ್ಪತ್ತೊಂಬತ್ತು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೂಗಿ ಕೂಗಿ ನಿವೃತ್ತನಾದವನನ್ನು ಊರೆಲ್ಲ ಮೈಕಾಸುರ ಎಂದೇ ಕರೆಯುತ್ತಿತ್ತು. ಮೈಕು ನಿಲ್ದಾಣದಲ್ಲೇ ಉಳಿಯಿತು, ಅಸುರ ಮನೆಗೆ ಬಂದ. ಇವನು ಉಪ್ಪು ಕೇಳಿದರೆ ಮೂರನೇ ಮನೆಯವರು ಡಬ್ಬಿ ಹುಡುಕುವಂತಿರುತ್ತಿತ್ತು. ಹೆಂಡತಿ ಶುರುಮಾಡಿದ ಮಾತನ್ನೆಲ್ಲ ಅರ್ಧದಲ್ಲೇ ಕಿತ್ತುಕೊಂಡು ತಾನೇ ಮುಗಿಸುತ್ತಿದ್ದ, ಅದೂ ತಪ್ಪಾಗಿ.

ಅಪ್ಪನಿಗೆ ಹೊತ್ತು ಹೋಗಲೆಂದು ಮಗಳು ಎರಡು ತಿಂಗಳ ನಾಯಿಮರಿಯೊಂದನ್ನು ಬುಟ್ಟಿಯಲ್ಲಿಟ್ಟು ತಂದುಕೊಟ್ಟಳು. "ಬಾರೋ ನನ್ನ ರಾಜ!" ಎಂದು ಅವನು ಅಕ್ಕರೆಯಿಂದ ಕರೆದದ್ದೇ ತಡ, ಮರಿ ನಿಂತಲ್ಲೇ ಉಚ್ಚೆ ಹೊಯ್ದು ಮಂಚದಡಿ ನುಗ್ಗಿತು. ಎರಡು ದಿನ ಅನ್ನ ಮೂಸಲಿಲ್ಲ.

ಪಶುವೈದ್ಯೆ ಮರಿಯನ್ನು ಮುಟ್ಟುವ ಮೊದಲೇ, ಇವನ ಮಾತು ಕೇಳಿಯೇ ಕಾಯಿಲೆ ಕಂಡುಹಿಡಿದಳು.

"ತಾಯಿ ಬಿಟ್ಟು ಬಂದಿದೆ ಸಾರ್. ಒಂದು ಮೂಲೇಲಿ ಹಳೇ ಬಟ್ಟೆ ಹಾಸಿ, ಹೊತ್ತಿಗೆ ಸರಿಯಾಗಿ ಊಟ ಕೊಡಿ. ಅದಾಗೇ ಹತ್ರ ಬರೋವರೆಗೂ ಎತ್ಕೋಬೇಡಿ. ಮುಖ್ಯವಾಗಿ ನೀವು... ಸ್ವಲ್ಪ ಮೆಲ್ಲಗೆ ಮಾತಾಡಿ."

"ಮೆಲ್ಲಗೇ ಮಾತಾಡ್ತಿದ್ದೀನಲ್ಲಮ್ಮ!" ಎಂದ. ಹೊರಗೆ ಸರದಿಗೆ ಕಾದಿದ್ದ ಬೆಕ್ಕೊಂದು ಒಡತಿಯ ಮಡಿಲಿಂದ ಹಾರಿ ಓಡಿತು.

ಮೆಲುದನಿಯ ವಿದ್ಯೆ ಅವನಿಗೆ ಬಾರದು. ಹಾಗಾಗಿ ಬಾಯಿಗೆ ಬೀಗವನ್ನೇ ಜಡಿದುಕೊಂಡ. ತನ್ನ ಹಳೆಯ ಅಂಗಿಯನ್ನು ಬುಟ್ಟಿಗೆ ಹಾಸಿ, ದೂರ ಕೂತು, ಪೇಪರಿನ ಹಾಳೆ ಮಗುಚುವುದಕ್ಕೂ ಹೆದರಿದ. ನಾಲ್ಕನೇ ದಿನ ಮರಿ ತೆವಳಿಕೊಂಡು ಬಂದು ಅವನ ಕಾಲ್ಬೆರಳು ಮೂಸಿತು. ಸಂತೋಷಕ್ಕೆ ಕೂಗಬೇಕೆನಿಸಿತು, ಟವೆಲ್ಲು ಕಚ್ಚಿಕೊಂಡ.

ಇತ್ತ ಹೆಂಡತಿಯ ಬಾಯಿಗೆ ಬಿಡುಗಡೆ ಸಿಕ್ಕಿತ್ತು. ಹೊಲಿಗೆ ತರಗತಿಯಲ್ಲಿ ತಾನೇ ಮೊದಲಿಗಳಾಗಿದ್ದು, ಮಗಳು ಹುಟ್ಟಿದಾಗ ಅತ್ತೆ ಮುಖ ತಿರುಗಿಸಿದ್ದು, ಒಂದೊಂದಾಗಿ ಹೊರಬಂತು. ಅವನು ತಲೆಯಾಡಿಸುತ್ತ ಕೇಳಿದ, ಬೇರೆ ದಾರಿಯಿರಲಿಲ್ಲ. ತುಟಿ ಬಿಚ್ಚಿದರೆ ಸಾಕು, "ಶ್! ಮರಿಗೆ ಇನ್ನೂ ಭಯ ಹೋಗಿಲ್ಲ ರೀ" ಎನ್ನುತ್ತಿದ್ದಳು.

ತಿಂಗಳು ಕಳೆಯಿತು. ಒಂದು ಬೆಳಿಗ್ಗೆ ವಾಕಿಂಗ್ ಹೊರಟವನು ಚಪ್ಪಲಿ ಕಿತ್ತುಹೋಗಿ ಅರ್ಧದಾರಿಯಿಂದಲೇ ಹಿಂದಿರುಗಿದ. ಅಡುಗೆಮನೆಯಲ್ಲಿ ಮಿಕ್ಸಿ ಗರ್ಜಿಸುತ್ತಿತ್ತು, ಕುಕ್ಕರ್ ಕೂಗುತ್ತಿತ್ತು, ರೇಡಿಯೋ ಹಾಡುತ್ತಿತ್ತು, ಹೆಂಡತಿ ಅದಕ್ಕಿಂತ ಜೋರಾಗಿ. ಅವಳ ಕಾಲ ಬಳಿ ಮರಿ ಹೊಟ್ಟೆ ಮೇಲೆ ಮಾಡಿಕೊಂಡು ಗೊರಕೆ ಹೊಡೆಯುತ್ತಿತ್ತು.

ಅವನನ್ನು ಕಂಡವಳೇ ಮಿಕ್ಸಿ ಆರಿಸಿದಳು.

"ಎಷ್ಟು ದಿನದಿಂದ ಹೀಗೆ?"

"ಮೂರು ವಾರ ಆಯ್ತು," ಎಂದು ನೈಟಿಯ ಮೇಲೆ ಇಲ್ಲದ ಸೆರಗನ್ನು ಸರಿಮಾಡಿಕೊಂಡಳು. "ನೀವೇನ್ರೀ ಇಷ್ಟು ಬೇಗ ಬಂದ್ಬಿಟ್ರಿ?"

ಬೈಯಲು ಎದೆತುಂಬ ಉಸಿರೆಳೆದುಕೊಂಡ. ಆದರೆ ನಿನ್ನೆ ಅವಳು ಹೇಳುತ್ತಿದ್ದ ಕಥೆ ಅರ್ಧಕ್ಕೆ ನಿಂತಿತ್ತು. ಅವಳ ಅಕ್ಕ ಹದಿನೆಂಟನೇ ವಯಸ್ಸಿನಲ್ಲಿ ಬಟ್ಟೆ ಗಂಟುಕಟ್ಟಿ, ಫೋಟೋ ತೆಗೆಯುವವನ ಜೊತೆ ಓಡಿಹೋಗಲು ಕಿಟಕಿ ಹಾರಿದ್ದಳು. ಮುಂದೇನಾಯಿತೋ ಎಂದು ಅವನಿಗೆ ಸರಿಯಾಗಿ ನಿದ್ದೆಯೂ ಬಂದಿರಲಿಲ್ಲ.

ಎಳೆದುಕೊಂಡ ಉಸಿರನ್ನು ಮೂಗಿನಿಂದ ಬಿಟ್ಟು, ಕಿತ್ತುಹೋದ ಚಪ್ಪಲಿಯನ್ನು ಮೂಲೆಗೆ ಹಾಕಿ, ಸ್ಟೂಲಿನ ಮೇಲೆ ಕೂತ.

"ಆಮೇಲೆ ನಿಮ್ಮಕ್ಕ ಏನ್ಮಾಡಿದ್ರು?"