ಕೇಕ್ ಜೆಲ್‌ನ ಹಸಿರು ಚುಕ್ಕಿ

"ಅಕ್ಕ, ಕೇಕ್‌ಗೆ ಹಾಕೋ ಜೆಲ್ ಹಲಾಲಾ?" ಎಂದು ದಿಲ್ಷಾದ್ ಕೇಳಿದಾಗ ನನಗೆ ಮೈಯೆಲ್ಲಾ ಉರಿಯಿತು. ಜಿಗಣಿಯಲ್ಲಿ ನಾನು ಬೇಕರಿ ತೆರೆದಾಗಿನಿಂದ ಅವಳು ನನ್ನ ಗಿರಾಕಿ, ಎದುರಿನ ಗಾರ್ಮೆಂಟ್ಸಿನಲ್ಲಿ ಟೈಲರ್. ಮಗಳ ಹುಟ್ಟುಹಬ್ಬಕ್ಕೆ ಸಂಜೆ ಕೇಕ್ ಬೇಕು. ಇಷ್ಟು ದಿನ ಇಲ್ಲದ ಅನುಮಾನ ಇವತ್ತು ಎಲ್ಲಿಂದ ಬಂತು?

"ನಮ್ಮತ್ತೆ ಕೇಳ್ತಾವ್ರೆ ಅಕ್ಕ. ಜೆಲ್‌ನಲ್ಲಿ ಹಂದಿ ಕೊಬ್ಬೂ ಇರ್ಬೋದಂತೆ. ಗೊತ್ತಾಗ್ದೆ ಕೇಕ್ ಕಟ್ ಮಾಡ್ಸಲ್ಲ ಅಂತಾವ್ರೆ."

ಹಿಟ್ಟಿನಲ್ಲಿ ಎಣ್ಣೆ, ನೀರು ಬೇರಾಗದಂತೆ ಹಿಡಿದು ಕೇಕನ್ನು ಉಬ್ಬಿಸುವ ಮುದ್ದೆ ಅದು. "ಕೊಬ್ಬಂತೆ ಕೊಬ್ಬು! ಕಣ್ಬುಟ್ಟು ನೋಡೇ," ಎಂದು ಡಬ್ಬಿ ತಂದು ಕುಕ್ಕಿದೆ. "ಹಸಿರು ಚುಕ್ಕಿ ಐತೆ. ಪಕ್ಕಾ ವೆಜ್ಜು."

ಅವಳು ಡಬ್ಬಿ ತಿರುಗಿಸಿದಳು. "ಅಕ್ಕ, ಇದು ಐಸ್‌ಕ್ರೀಮ್ ಡಬ್ಬಿ."

ಥತ್! ಖಾಲಿ ಡಬ್ಬಿಯನ್ನು ನಾವು ಯಾವತ್ತಾದರೂ ಬಿಸಾಡಿದ್ದೇವೆಯೇ? ತೊಳೆದು, ಅದರಲ್ಲೇ ಹೋಲ್‌ಸೇಲ್ ಅಂಗಡಿಯಿಂದ ಲೂಸ್ ಜೆಲ್ ತುಂಬಿಸಿಕೊಂಡು ಬರುತ್ತಿದ್ದೆ. ದಿನಾ ನೋಡಿ ನೋಡಿ ಐಸ್‌ಕ್ರೀಮಿನ ಚುಕ್ಕಿಯನ್ನು ಜೆಲ್‌ನದೇ ಅಂದುಕೊಂಡಿದ್ದೆ. ನಾಚಿಕೆಯಾಯಿತು. ಅಂಗಡಿಯವನಿಗೆ ಫೋನ್ ಮಾಡಿದರೆ, "ಡ್ರಮ್ಮಲ್ಲಿ ಬರುತ್ತೆ ಅಕ್ಕ, ಯಾವುದ್ರಿಂದ ಮಾಡ್ತಾರೋ ಯಾರಿಗ್ಗೊತ್ತು" ಎಂದ.

ಅಲ್ಲೇ ನಿಂತು ಎಗ್‌ಲೆಸ್ ಕೇಕ್ ತಿನ್ನುತ್ತಿದ್ದ ಶೇಖರಪ್ಪನವರು ನಕ್ಕರು. ಕಟ್ಟಡದ ಓನರ್ ಅವರೇ. ಮೊಟ್ಟೆಯ ವಾಸನೆಗೂ ಮೂಗು ಮುಚ್ಚಿಕೊಳ್ಳುವ ಜನ. "ಹಲಾಲ್ ಅಂದ್ಬಿಡು ಅಶ್ವತ್ಥಮ್ಮ. ಅವರಿಗೇನು ಗೊತ್ತಾಗುತ್ತೆ?"

"ಗೊತ್ತಿಲ್ದಿದ್ದನ್ನ ಗೊತ್ತು ಅನ್ನಕಿಲ್ಲ ನಾನು."

"ಇವತ್ತು ಇವರ ಮಾತು ಕೇಳಿದ್ರೆ ನಾಳೆ ಹಲಾಲ್ ಬೋರ್ಡ್ ಹಾಕು ಅಂತಾರೆ. ಅದೆಲ್ಲ ನನ್ನ ಬಿಲ್ಡಿಂಗಲ್ಲಿ ನಡೆಯಲ್ಲ. ಬೇರೆ ಕಡೆ ಅಂಗಡಿ ನೋಡ್ಕೋಬೇಕಾಗುತ್ತೆ, ಹುಷಾರು."

ಈ ಅಂಗಡಿ ಬಿಟ್ಟರೆ ನನಗೆ ಬೇರೆ ಗತಿಯಿಲ್ಲ.

"ಬ್ಯಾಡ ಬಿಡಕ್ಕ, ನನ್ನಿಂದ ನಿಮ್ಗೆ ತೊಂದ್ರೆ," ಎಂದು ದಿಲ್ಷಾದ್ ಬಾಗಿಲಿಗೆ ತಿರುಗಿದಳು.

"ಸುಮ್ಕೆ ನಿಂತ್ಕಳೇ. ಸಂಜೆಗೆ ಜೆಲ್ ಇಲ್ದೆ ಮಾಡಿ ಕೊಡ್ತೀನಿ. ಉಬ್ಬೋದು ಕಮ್ಮಿ, ಅಷ್ಟೇಯ." ಡಬ್ಬಿಯಲ್ಲಿದ್ದುದನ್ನೆಲ್ಲ ಕೆರೆದು ಇಬ್ಬರ ಕಣ್ಣೆದುರೇ ಕಸದ ಬುಟ್ಟಿಗೆ ಸುರಿದೆ.

ಶೇಖರಪ್ಪನವರ ಮುಖ ಕೆಂಪಗಾಯಿತು. "ಏನು ಕೊಬ್ಬು ನಿಂಗೆ! ಅವರಿಗೋಸ್ಕರ ಒಳ್ಳೆ ಮಾಲು ಬಿಸಾಡ್ತೀಯಾ?"

"ಅವ್ರಿಗೋಸ್ಕರಾನೇ ಅಂತ ಯಾರಂದ್ರು? ನಿಮ್ಮ ಕೈಯಾಗಿರೋ ಕೇಕ್‌ಗೂ ಇದೇ ಜೆಲ್ ಹಾಕಿರೋದು. ಏನ್ ಮಾಡನ ಹೇಳಿ ಶೇಖರಪ್ಪನೋರೆ, ನಿಮ್ಗೂ ವೆಜ್ಜು ಅಂದ್ಬುಡ್ಲಾ?"

ಬಾಯಲ್ಲಿದ್ದ ತುತ್ತನ್ನು ಅವರು ನುಂಗಲೂ ಇಲ್ಲ, ಉಗಿಯಲೂ ಇಲ್ಲ.