ಶುಭ್ರ ಅಂದರೆ ಯಾವ ಬಣ್ಣ

ಲೋಕದ ಕಡೆಯ ದಿನ ಸಮಾಧಿಯಿಂದ ತಾನು ಯಾವ ಬಣ್ಣದಲ್ಲಿ ಎದ್ದು ಬರುತ್ತೇನೆ ಅಂತ ಯಾರಾದರೂ ಬರೆದುಕೊಡುವವರೆಗೆ ಸಾಯೋದಿಲ್ಲ ಅಂತ ದೊಡ್ಡಮ್ಮ ಪಟ್ಟು ಹಿಡಿದು ಅವತ್ತಿಗೆ ಒಂಬತ್ತು ದಿನ. ಡಾಕ್ಟರು ಎರಡು ಸಲ ಕೈಚೆಲ್ಲಿ ಹೋಗಿದ್ದರು. ಮೂರನೇ ಸಲ ಬಂದು ನಾಡಿ ಹಿಡಿದು, "ಇವರು ಯಾವುದಕ್ಕೋ ಕಾಯ್ತಿದ್ದಾರೆ" ಅಂದರು. ಅಬ್ಬಾ, ಏನು ಕಂಡುಹಿಡಿದರಪ್ಪಾ! ಯಾವುದಕ್ಕೆ ಅಂತ ಬೀದಿಗೆಲ್ಲ ಗೊತ್ತಿತ್ತು.

ದೊಡ್ಡಮ್ಮ ಹುಟ್ಟಿದ್ದು ಕ್ಯಾಥೊಲಿಕ್ ಮನೆಯಲ್ಲಿ, ಸೇರಿದ್ದು ಪ್ರೊಟೆಸ್ಟೆಂಟ್ ಮನೆ. ಹಾಗಾಗಿ ಕಾಯಿಲೆ ಬಿದ್ದಾಗ ಎರಡೂ ಕಡೆಯಿಂದ ಪ್ರಾರ್ಥನೆಯ ಚೀಟಿ ಬಂತು. ತಲೆತಲಾಂತರದಿಂದ ಒಬ್ಬರ ಮುಖ ಒಬ್ಬರು ನೋಡದ ಈ ಎರಡು ಕಡೆಯವರೂ ಒಂದು ಸಾಲಿನಲ್ಲಿ ಮಾತ್ರ ಒಂದಾಗಿದ್ದರು: ಈಕೆ ಶುಭ್ರಳಾಗಿ ಎದ್ದು ಬರುವಳು.

"ಶುಭ್ರ ಅಂದ್ರೆ ಬಿಳಿ ಅಲ್ವೇನೇ?" ದೊಡ್ಡಮ್ಮ ಗಾಬರಿಯಾಗಿ ಕೇಳಿದಳು.

"ಚೊಕ್ಕಟ ಅಂತಲೂ ಆಗುತ್ತೆ ದೊಡ್ಡಮ್ಮ."

"ಅಂತಲೂ ಗಿಂತಲೂ ಬೇಡ. ನಿಮ್ಮ ದೊಡ್ಡಪ್ಪನ ಕಣ್ಣು ಗೊತ್ತಲ್ಲ, ಮಾರು ದೂರದ ಬಸ್ಸು ಕಾಣ್ತಿರಲಿಲ್ಲ. ಗುಂಪಿನಲ್ಲಿ ಎಲ್ಲಿ ಕಪ್ಪಗೆ ಕಂಡರೆ ಅಲ್ಲಿಗೆ ನೆಟ್ಟಗೆ ಬರೋರು. ಅಲ್ಲಿ ಎಲ್ಲರನ್ನೂ ಬೆಳ್ಳಗೆ ಮಾಡಿ ಸಾಲಾಗಿ ನಿಲ್ಲಿಸಿದ್ರೆ, ಆ ಮನುಷ್ಯ ಯಾರ ಕೈ ಹಿಡ್ಕೊಂಡು ಹೊರಡ್ತಾರೋ ಏನೋ!"

ಚೊಕ್ಕಟ ಅಂದವಳು, ಇದನ್ನೆಲ್ಲ ಕೇಳಿಸಿಕೊಂಡವಳು ದೊಡ್ಡಮ್ಮನ ತಂಗಿಯ ಮಗಳು. ಹೆತ್ತ ತಾಯಿ ಬೇಗ ಹೋದ ಮೇಲೆ ದೊಡ್ಡಮ್ಮನ ಮಡಿಲಲ್ಲೇ ಬೆಳೆದವಳು, ಬಣ್ಣದಲ್ಲೂ ದೊಡ್ಡಮ್ಮನ ಅಚ್ಚು. ಮೂಲೆಯ ಫೋಟೋ ಸ್ಟುಡಿಯೋದಲ್ಲಿ ಇಪ್ಪತ್ತು ವರ್ಷದಿಂದ ಮುಖ ತಿದ್ದುವ ಕೆಲಸ. ಬೀದಿಯವರ ಬಾಯಲ್ಲಿ ಟಚಪ್ ಅಕ್ಕ. ಮೊದಲು ಹಣೆ ಬೆಳ್ಳಗೆ ಮಾಡಬೇಕು, ಆಮೇಲೆ ಕೆನ್ನೆ, ಕತ್ತು, ಕಡೆಗೆ ಕಿವಿ. ಕಿವಿ ಮರೆತವರಿಗೆ ಕಸುಬೇ ಗೊತ್ತಿಲ್ಲ ಅಂತ ಅವಳ ತೀರ್ಮಾನ. ದೊಡ್ಡಮ್ಮ ಹೆದರಿಕೊಂಡೇ ಹೋಗಿಬಿಟ್ಟರೆ ಅಂತ ಅನ್ನದ ತಟ್ಟೆ ಬಿಟ್ಟು ಎದ್ದಳು. ಹೋಗಿ ಕ್ಯಾಥೊಲಿಕ್ ಕಡೆಯ ಫಾದರನ್ನು ಕರೆದುಕೊಂಡು ಬಂದಳು.

"ಅಮ್ಮಾ, ನಮ್ಮಲ್ಲಿ ಎಲ್ಲ ಸಂಸ್ಕೃತಿಗೂ ಜಾಗ ಇದೆ," ಅಂದರು ಫಾದರ್. "ನಿಮ್ಮ ಭಾಷೆ, ನಿಮ್ಮ ಹಾಡು, ನಿಮ್ಮ ಉಡುಪು, ಎಲ್ಲ ದೇವರಿಗೆ ಒಪ್ಪಿಗೆ."

"ಉಡುಪು ಸರಿ ಫಾದರ್. ಒಳಗಿರೋಳು?"

ಫಾದರ್ ದನಿ ತಗ್ಗಿಸಿದರು. "ಚರ್ಮ ಸಂಸ್ಕೃತಿಯೊಳಗೆ ಬರುತ್ತೋ ಇಲ್ವೋ, ಮೇಲಿನವರನ್ನ ಕೇಳಬೇಕು."

"ದೇವರನ್ನೇ?"

"ಬಿಷಪ್ಪರನ್ನ."

ಮಧ್ಯಾಹ್ನ ಪ್ರೊಟೆಸ್ಟೆಂಟ್ ಕಡೆಯ ಪಾಸ್ಟರ್ ಬಂದರು. ಅವರಿಗೆ ಯಾರನ್ನೂ ಕೇಳುವ ಕಷ್ಟವಿರಲಿಲ್ಲ. "ಅಲ್ಲಿ ಕುಲ ಇಲ್ಲ, ದೇಶ ಇಲ್ಲ, ಬಣ್ಣವೇ ಇಲ್ಲಮ್ಮ!"

"ಬಣ್ಣವೇ ಇಲ್ಲ ಅಂದ್ರೆ? ನಾನೇನು ಗಾಜಿನ ಲೋಟವಾ?"

"ಹಾಗಲ್ಲ..."

"ನಿಮ್ಮ ಸಂಡೇ ಸ್ಕೂಲಿನ ಗೋಡೆ ಚಿತ್ರದಲ್ಲಿ ದೇವದೂತರೆಲ್ಲ ಬೆಳ್ಳಗಿದ್ದಾರಲ್ಲಪ್ಪ, ಬಣ್ಣವೇ ಇಲ್ಲದ ಕಡೆ ಅವರಿಗೆ ಅದು ಎಲ್ಲಿ ಸಿಕ್ತು? ಆ ಚಿತ್ರದಲ್ಲಿ ನನ್ನ ಬಣ್ಣದವನು ಒಬ್ಬನೇ. ಅವನಿಗೆ ಕೊಂಬಿದೆ."

ಪಾಸ್ಟರ್ ಬೈಬಲ್ ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು. ಮಾರನೇ ದಿನ ಇಬ್ಬರೂ ಒಟ್ಟಿಗೆ ಬಂದರು. ಒಂದೇ ಮನೆಯೊಳಗೆ ಇಬ್ಬರೂ ಒಂದೇ ಹೊತ್ತಿಗೆ ಕಾಲಿಟ್ಟದ್ದು ಅದೇ ಮೊದಲು. ಮಂಚದ ಆ ಕಡೆ ಒಬ್ಬರು ಈ ಕಡೆ ಒಬ್ಬರು ಕೂತು, ದೊಡ್ಡಮ್ಮನ ಹೊಟ್ಟೆಯ ಮೇಲಿಂದ ಎರಡು ಗಂಟೆ ವಾದ ಮಾಡಿದರು. ಒಂದು ವಿಷಯಕ್ಕೆ ಒಪ್ಪಿಗೆಯಾಯಿತು: ಎದ್ದು ಬರುವುದು ಇದೇ ಮೈ, ಬೇರೆ ಮೈಯಲ್ಲ. ಹಾಗಾದರೆ ಮಗುವಾಗಿದ್ದಾಗ ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಯಾವ ಮೈ ಬರೆಸಿದ್ದರೋ ಅದೇ ಲೆಕ್ಕ ಅಂದರು ಫಾದರ್. ಹಳೇ ರಿಜಿಸ್ಟರ್ ತರಿಸಿ ತೆರೆದರು. ಆ ಕಾಲದಲ್ಲಿ ಮಗುವಿನ ಹೆಸರು, ತಂದೆಯ ಕಸುಬು ಆದಮೇಲೆ ಬಣ್ಣ ಅಂತಲೇ ಒಂದು ಕಾಲಂ. ದೊಡ್ಡಮ್ಮನ ಸಾಲಿನಲ್ಲಿ ದುಂಡಗೆ ಬರೆದಿತ್ತು: ಶುಭ್ರ.

"ಅಯ್ಯೋ, ಅದು ನಮ್ಮ ಸೋದರಮಾವನ ಕೆಲಸ!" ದೊಡ್ಡಮ್ಮ ಹಣೆ ಚಚ್ಚಿಕೊಂಡಳು. "ಆಗಿನ ಫಾದರ್ ಬೇರೆ ದೇಶದವರು. ನಮ್ಮ ಮಾತು ಅರ್ಧಂಬರ್ಧ. ಮಗು ಹೇಗಿದೆ ಅಂತ ಕೇಳಿದ್ರಂತೆ. ಸ್ನಾನ ಆಗಿದೆಯಾ ಅಂತ ಕೇಳ್ತಿದ್ದಾರೆ ಅಂದ್ಕೊಂಡು ನಮ್ಮ ಮಾವ, ಶುಭ್ರವಾಗಿದೆ ಸ್ವಾಮಿ ಅಂದನಂತೆ."

ಫಾದರ್ ಕೆಮ್ಮಿದರು. "ಅದೇನೇ ಇರಲಿ, ದಾಖಲೆ ಪ್ರಕಾರ ತಾವು ಬಿಳಿ."

"ಎಂಬತ್ತಾರು ವರ್ಷದಿಂದ ಬಿಳಿಯಾ! ಮೊದಲೇ ಹೇಳಬಾರದಿತ್ತಾ ಫಾದರ್? ಹಿಂದಿನ ಬೆಂಚು ಬಿಟ್ಟು ಮುಂದೆ ಕೂರ್ತಿದ್ದೆ."

ಪಾಸ್ಟರ್ ಕಿಟಕಿಯ ಆಚೆ ನೋಡಿದರು. ಅವರ ಚರ್ಚಿನ ಬೆಂಚುಗಳ ಸಂಗತಿಯೂ ಅಷ್ಟೇ ಇತ್ತು, ಅದು ಅವರಿಗೆ ಗೊತ್ತಿತ್ತು.

ತಪ್ಪು ತಿದ್ದಬೇಕಾದರೆ ಪುರಾವೆ ಬೇಕು. ಅಲ್ಲ ಹೇಳಿ, ಹೆಂಗಸು ಕಣ್ಣೆದುರಿಗೇ ಕಪ್ಪಗೆ ಮಲಗಿದ್ದಾಳೆ, ಇನ್ನೆಂಥ ಪುರಾವೆ? "ಕಣ್ಣಿಗೆ ಕಂಡದ್ದನ್ನು ರಿಜಿಸ್ಟರಿಗೆ ಅಂಟಿಸೋಕಾಗಲ್ಲ, ಫೋಟೋ ಇದ್ದರೆ ಕೊಡಿ" ಅಂದರು ಫಾದರ್. ಟಚಪ್ ಅಕ್ಕ ಆಲ್ಬಮ್ ತರಲು ಎದ್ದವಳು ಹಾಗೇ ನಿಂತುಬಿಟ್ಟಳು.

"ತಗೊಂಡು ಬಾರೇ, ಏನು ನೋಡ್ತೀಯ?" ಅಂದಳು ದೊಡ್ಡಮ್ಮ.

ತಂದಳು. ಪಾಸ್ಟರ್ ಪುಟ ತಿರುವಿದರು. ಮದುವೆಯ ದೊಡ್ಡಮ್ಮ ಬೆಳ್ಳಗೆ. ಮಗು ಎತ್ತಿಕೊಂಡ ದೊಡ್ಡಮ್ಮ ಬೆಳ್ಳಗೆ. ಗಂಡನ ಪಕ್ಕದಲ್ಲಿ ನಿಂತ ದೊಡ್ಡಮ್ಮ ಗಂಡನಿಗಿಂತ ಬೆಳ್ಳಗೆ. ಹಳೆಯದನ್ನೆಲ್ಲ ಸ್ಟುಡಿಯೋಗೆ ಒಯ್ದು, ಒಂದೊಂದಾಗಿ ತಿದ್ದಿ, ಹೊಸದಾಗಿ ಪ್ರಿಂಟ್ ಹಾಕಿ, ಹಳೇ ಪ್ರತಿಗಳನ್ನು ಕಸಕ್ಕೆ ಹಾಕಿದವಳು ಇದೇ ಟಚಪ್ ಅಕ್ಕ. ಹುಟ್ಟಿದ ಹಬ್ಬಕ್ಕೆ ಕೊಟ್ಟ ಉಡುಗೊರೆ. ಕಿವಿಗಳನ್ನೂ ಮರೆತಿರಲಿಲ್ಲ.

"ಇದರಲ್ಲಿ ಅಮ್ಮ ಯಾರು?" ಅಂತ ಪಾಸ್ಟರ್ ಕೇಳಿದಾಗ ಅವಳಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಸ್ಟುಡಿಯೋಗೆ ಓಡಿದಳು. ಕ್ಯಾಮೆರಾ ತಂದು, ಕಿಟಕಿಯ ಪರದೆ ಸರಿಸಿ, ದೊಡ್ಡಮ್ಮನ ಬೆನ್ನಿಗೆ ಎರಡು ದಿಂಬು ಕೊಟ್ಟು ಫೋಟೋ ತೆಗೆದಳು. ಮತ್ತೆ ಸ್ಟುಡಿಯೋಗೆ ಹೋಗಿ ಕಂಪ್ಯೂಟರ್ ಮುಂದೆ ಕೂತಳು. ಪರದೆಯ ತುಂಬ ದೊಡ್ಡಮ್ಮನ ಮುಖ. ಅಭ್ಯಾಸಬಲ ನೋಡಿ, ಮೌಸ್ ಹಿಡಿದ ಕೈ ತಾನಾಗಿ ಹಣೆ ಬೆಳ್ಳಗೆ ಮಾಡಲು ಹೋಯಿತು. ವಾಪಸ್ ಎಳೆದುಕೊಂಡಳು. ಮತ್ತೆ ಹೋಯಿತು. ಕಡೆಗೆ ಮೌಸಿನ ವಯರನ್ನೇ ಕಿತ್ತು ಡ್ರಾಯರಿಗೆ ಹಾಕಿ, ಕೀಬೋರ್ಡ್ ಒತ್ತಿ ಪ್ರಿಂಟ್ ತೆಗೆದಳು. ಬಿಸಿ ಕಾಗದ ಕೈಗೆ ಬಂದಾಗ ಅಳು ತಡೆಯಲಾಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಈ ಮುಖವನ್ನು ಅವಳು ಸರಿಯಾಗಿ ನೋಡಿಯೇ ಇರಲಿಲ್ಲ.

ಫೋಟೋ ನೋಡಿ ಇಬ್ಬರೂ ಸೇರಿ ಒಂದು ಕಾಗದ ಬರೆದರು. "ಮೇಲ್ಕಂಡವರು ಕಪ್ಪು. ಎದ್ದು ಬರುವಾಗಲೂ ಕಪ್ಪು." ಯಾರ ಸಹಿ ಮೊದಲು ಅಂತ ಹತ್ತು ನಿಮಿಷ ಜಗಳವಾಯಿತು. ಕಡೆಗೆ ಎರಡು ಪೆನ್ನು ಹಿಡಿದು, ಒಂದು ಎರಡು ಮೂರು ಅಂತ ಎಣಿಸಿ ಒಟ್ಟಿಗೆ ಗೀಚಿದರು. ಇಬ್ಬರಿಗೂ ದೊಡ್ಡ ಕೆಲಸ ಮುಗಿಸಿದ ಸಂಭ್ರಮ. ಹೊರಗೆ ಜಗುಲಿಯಲ್ಲಿ ನಿಂತು ಬೆವರು ಒರೆಸಿಕೊಂಡರು.

ದೊಡ್ಡಮ್ಮ ಕಾಗದ ಓದಿ ದಿಂಬಿನ ಕೆಳಗೆ ಇಟ್ಟಳು. ಫೋಟೋ ಮಾತ್ರ ಕೈಯಲ್ಲೇ ಇತ್ತು.

"ಇಂಥದೊಂದು ಮುಂಚೆ ಯಾಕೆ ತೆಗೀಲಿಲ್ಲ ನೀನು?"

"ನಾಚಿಕೆ ಆಗ್ತಿತ್ತು ದೊಡ್ಡಮ್ಮ."

"ನನ್ನ ನೋಡಿನಾ?"

"ನಿನ್ನ ನೋಡಿ. ಕನ್ನಡೀಲಿ ನನ್ನ ನೋಡಿಕೊಂಡೂ."

ದೊಡ್ಡಮ್ಮ ಬೈಯಲಿಲ್ಲ. ಕೈ ಚಾಚಿ ಅವಳ ಕೆನ್ನೆ ಮುಟ್ಟಿದಳು. ಬೆರಳಿಗೆ ಪೌಡರು ಹತ್ತಿತು. ಹೊದಿಕೆಗೆ ಬೆರಳು ಒರೆಸಿಕೊಂಡಳು.

"ನಿಮ್ಮ ದೊಡ್ಡಪ್ಪನ್ನ ನಾನು ಹೇಗೋ ಹುಡುಕ್ಕೋತೀನಿ, ಅವರು ಕೆಮ್ಮಿದ್ರೆ ಸಾಕು, ಗೊತ್ತಾಗುತ್ತೆ. ನನಗೆ ಭಯ ಇದ್ದಿದ್ದು ನಿಂದೇ. ನಾಳೆ ನೀನು ಅಲ್ಲಿಗೆ ಬಂದಾಗ ಯಾರೋ ಅಂದ್ಕೊಂಡು ನಾನು ಸುಮ್ಮನೆ ಕೂತುಬಿಟ್ಟರೆ? ಗುರುತು ಸಿಗೋ ಹಾಗೆ ಬಾ ಮಗಳೇ."

ಅಷ್ಟು ಹೇಳಿ ಮುಚ್ಚಿದ ಕಣ್ಣು ಮತ್ತೆ ತೆರೆಯಲಿಲ್ಲ. ಹೊರಗೆ ಫಾದರೂ ಪಾಸ್ಟರೂ ಯಾರ ಪ್ರಾರ್ಥನೆ ಮೊದಲು ಅಂತ ಶುರು ಮಾಡಿಕೊಂಡಿದ್ದರು. ಅವರನ್ನು ಕರೆಯುವ ಮೊದಲು ಟಚಪ್ ಅಕ್ಕ ಬಚ್ಚಲಿಗೆ ಹೋಗಿ, ಸೋಪು ಹಾಕಿ ಮುಖ ತೊಳೆದುಕೊಂಡು ಬಂದಳು.