ಆರ್ವಿಡ್ ಮೇಷ್ಟ್ರ ಲೆಕ್ಕ

ಹ್ಯಾಮ್ ಬನ್ನುಗಳ ತಟ್ಟೆಯನ್ನು ಕಾಲೇಜಿನ ಡೀನ್ ರಸೆಲ್ ಮುಂದೆ ಇಡುತ್ತಿದ್ದಾಗ ಆ ಮಾತು ಸಿಗ್ನೆಯ ಕಿವಿಗೆ ಬಿತ್ತು.

"ನಾಳೆ ಅಧ್ಯಾಪಕರ ಸಭೆ ಇದೆಯಲ್ಲ ಅಲ್ಮಾ, ಆರ್ವಿಡ್ ನೆನಪಿಗೆ ಅವನ ಲೆಕ್ಕಾನೇ ಜಾರಿಗೆ ತಂದ್ಬಿಡೋಣ," ಎಂದು ಅವರು ಅವಳ ತಾಯಿಗೆ ಹೇಳುತ್ತಿದ್ದರು.

ಅವಳ ಅಪ್ಪ ಆರ್ವಿಡ್ ಮೇಷ್ಟ್ರನ್ನು ಮಣ್ಣು ಮಾಡಿ ಆಗಷ್ಟೇ ಬಂದಿದ್ದರು. ಮಿನೆಸೋಟದ ಆ ಪುಟ್ಟ ಊರಿಗೆ ಊರೇ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಕುಡಿಯುತ್ತ, ಗ್ರೇಡು ಕೊಡುವುದರಲ್ಲಿ ಅವರಿಗಿದ್ದ ಬಿಗಿತನವನ್ನು ಬಾಯಿ ಚಪ್ಪರಿಸಿಕೊಂಡು ನೆನೆಯುತ್ತಿತ್ತು.

"ಅವರ ಹತ್ರ ಬಿ ಗ್ರೇಡ್ ತಗೊಳ್ಳೋದೂ ಒಂದೇ, ಕಲ್ಲಲ್ಲಿ ನಾರು ತೆಗೆಯೋದೂ ಒಂದೇ," ಎಂದ ಹಳೆಯ ವಿದ್ಯಾರ್ಥಿ ಲೈಲ್. "ನಂಗೆ ಸಿ ಕೊಟ್ಟಿದ್ರು. ಈಗ್ಲೂ ಹೇಳ್ಕೊಂಡು ತಿರುಗ್ತೀನಿ!"

ಗಣಿತ ಕಲಿಸುತ್ತಿದ್ದ ಆರ್ವಿಡ್ ಮೇಷ್ಟ್ರದು ಒಂದೇ ಹಟ. ಎಲ್ಲರಿಗೂ ಎ ಹಂಚುವ ತರಗತಿಯ ಎ, ಬೆವರು ಸುರಿಸಿದರೂ ಸುಲಭಕ್ಕೆ ಸಿಗದ ತರಗತಿಯ ಎ, ಎರಡಕ್ಕೂ ಒಂದೇ ಬೆಲೆ ಇರಬಾರದು. ಅದೇ ಮಕ್ಕಳು ಬೇರೆ ತರಗತಿಗಳಲ್ಲಿ ಹೇಗಿದ್ದಾರೆಂದು ನೋಡಿ, ಧಾರಾಳಿಗಳು ಕೊಟ್ಟ ಗ್ರೇಡನ್ನು ಇಳಿಸಬೇಕು, ಬಿಗಿಯವರು ಕೊಟ್ಟದ್ದನ್ನು ಏರಿಸಬೇಕು. ಇದೇ ಅವರ ಲೆಕ್ಕ. ಹೋದ ವರ್ಷ ಕಾಲೇಜು ಇನ್ನೇನು ಒಪ್ಪಬೇಕು, ಅಷ್ಟರಲ್ಲಿ ತಾವೇ ಬೇಡವೆಂದರು. ಮುದುಕ ಸೋತ ಎಂದರು ಜನ.

*

ಹೋದ ವರ್ಷ, ಬೇಡವೆಂದು ಹೇಳಿ ಬಂದ ಆ ಸಂಜೆ, ಅಪ್ಪ ಊಟ ಮುಗಿಸಿ ತಟ್ಟೆ ತೊಳೆಯುತ್ತಿದ್ದರು.

"ಲೆಕ್ಕ ಹಾಕಿ ನೋಡಿದೆ, ಸಿಗ್ನೆ. ಎಲ್ಲರಿಗಿಂತ ಧಾರಾಳಿ ಯಾರು ಗೊತ್ತಾ?"

ಅವಳಿಗೆ ಗೊತ್ತಿತ್ತು, ತಾನೇ. ಅದೇ ಕಾಲೇಜಿನಲ್ಲಿ ಕಲಿಸುತ್ತಿದ್ದರೂ ಅವಳದು ಖಾಯಂ ಕೆಲಸವಲ್ಲ. ವರ್ಷದ ಕೊನೆಗೆ ವಿದ್ಯಾರ್ಥಿಗಳು ಅವಳ ಪಾಠವನ್ನು ಮೆಚ್ಚಿ ಬರೆದರಷ್ಟೇ ಮುಂದಿನ ವರ್ಷ ಅನ್ನ. ಹೆದರಿ ಹೆದರಿಯೇ ಎಲ್ಲರಿಗೂ ಎ ಕೊಟ್ಟಿದ್ದಳು.

"ಯಾರಿಗಾದ್ರೂ ಹೇಳಿದ್ರಾ, ಅಪ್ಪ?"

"ಇಲ್ಲ. ವಯಸ್ಸಾಯ್ತು, ಇನ್ನು ನನ್ ಕೈಲಾಗಲ್ಲ ಅಂದ್ಬಿಟ್ಟೆ."

ಅವಳಿಗೆ ತಿಳಿದಂತೆ ಅಪ್ಪ ಹೇಳಿದ ಒಂದೇ ಸುಳ್ಳು ಅದು.

*

"ಮಗಳೂ ನಮ್ಮಲ್ಲೇ ಕಲಿಸ್ತಾಳೆ, ಅವಳೇ ಮಂಡಿಸಲಿ," ಎಂದು ಡೀನ್ ನಕ್ಕರು. "ಯಾರ್ಯಾರು ಪುಕ್ಕಟೆ ಎ ಹಂಚ್ತಿದ್ರು ಅಂತ ಬಯಲಾಗ್ಬಿಡುತ್ತೆ!"

ಸಿಗ್ನೆ ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸತೊಡಗಿದಳು. ಬೇಡ ಎಂದರೆ ಯಾಕೆ ಎನ್ನುತ್ತಾರೆ. ಹೂಂ ಎಂದರೆ ಕೆಲಸ ಹೋಗುತ್ತದೆ, ಮೇಷ್ಟ್ರ ಮಗಳೇ ಹೀಗಾ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಈ ಸಲ ಅಡ್ಡ ನಿಲ್ಲಲು ಅಪ್ಪನಿಲ್ಲ.

"ಹೂಂ ಅನ್ನು, ಮಗಳೇ," ಅಲ್ಮಾ ಅವಳ ತೋಳು ಹಿಡಿದಳು. "ಜೀವಮಾನವೆಲ್ಲ ನಿಮ್ಮಪ್ಪ ಕೇಳಿದ್ದು ಇದೊಂದೇ."

"ನಾಳೆವರೆಗೂ ಯಾಕೆ, ಒಪ್ಪೋ ಅಧ್ಯಾಪಕರು ಇಲ್ಲೇ ಕೈ ಎತ್ತಿ," ಎಂದರು ಡೀನ್.

ಕಾಫಿ ಲೋಟಗಳ ನಡುವಿನಿಂದ ಒಂದೊಂದೇ ಕೈ ಮೇಲೆದ್ದಿತು. ಸಿಗ್ನೆಯೂ ಎತ್ತಿದಳು. ಅವಳ ಕೈ ಗಡಗಡ ನಡುಗುತ್ತಿತ್ತು. ಪಾಪ, ಅಪ್ಪನ ನೆನಪಾಯಿತೇನೋ ಎಂದು ಎಲ್ಲರೂ ತಲೆ ತಗ್ಗಿಸಿದರು.